ಬೆಳಗಿನ ಆಟಕ್ಕೆ ತೆಂಗಿನಕಾಯಿ

ಯಂಕೋಬನಿಗೆ ಇಂಗ್ಲಿಷ್ ಬರುತ್ತದೆ ಎಂಬ ಸುದ್ದಿಯನ್ನು ನವಲಿಯಲ್ಲಿ ಹಬ್ಬಿಸಿದವನು ಸ್ವತಃ ಯಂಕೋಬನೇ. ಅದನ್ನು ಸುಳ್ಳು ಎಂದು ಸಾಧಿಸಲು ಊರಿನಲ್ಲಿ ಬೇರೆ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲವಾದ್ದರಿಂದ ಸುದ್ದಿ ಗಟ್ಟಿಯಾಗಿ ನಿಂತಿತು. ಅವನು ಸೊಸೈಟಿಯ ಗೊಬ್ಬರದ ಗೋದಾಮಿನಲ್ಲಿ ಕಾರಕೂನ. ಯೂರಿಯಾ ಚೀಲದ ಮೇಲೆ ‘ಯೂಸ್ ನೋ ಹುಕ್ಸ್’, ಅಂದರೆ ಕೊಕ್ಕೆ ಹಾಕಿ ಎತ್ತಬೇಡಿ, ಎಂದು ಅಚ್ಚಾಗಿರುತ್ತಿತ್ತು. ಹಾಗಂದರೆ ಏನು ಎಂದು ಭತ್ತದ ರೈತರು ಕೇಳಿದರೆ ಯಂಕೋಬ ಕನ್ನಡಕ ಏರಿಸಿ, “ಇದನ್ನ ಹಾಕಿದ್ರ ಹುಳ ಬೀಳಂಗಿಲ್ಲ ಅಂತ ಬರದಾರ ನೋಡ್ರಿ” ಎನ್ನುತ್ತಿದ್ದ. ಆ ವರ್ಷ ಹುಳ ಬೀಳಲಿಲ್ಲ. ಅಲ್ಲಿಂದ ಮುಂದೆ ಕೋರ್ಟಿನ ಕಾಗದವಾಗಲಿ, ಔಷಧದ ಶೀಶೆಯಾಗಲಿ, ಇಂಗ್ಲಿಷ್ ಇದ್ದದ್ದೆಲ್ಲ ಯಂಕೋಬನ ಮುಂದೆಯೇ ಬರಬೇಕು. ಶೀಶೆ ತಂದವರೆಲ್ಲ ಬದುಕಿ ಉಳಿದದ್ದು ಅವರವರ ಪುಣ್ಯ.

ಇದು ಊರಿಗೆ ಟಿವಿ ಬರುವ ಮುಂಚಿನ ಮಾತು, ಎಂಬತ್ತರ ದಶಕದ ಆರಂಭ. ಗಂಗಾವತಿಯ ಒಂದು ಟಾಕೀಸಿನವರು ಶನಿವಾರ, ಭಾನುವಾರ ಬೆಳಗಿನ ಆಟಕ್ಕೆ ಇಂಗ್ಲಿಷ್ ಪಿಚ್ಚರ್ ಹಾಕುತ್ತಿದ್ದರು. ಬೆಳಗಿನ ಆಟ ಎಂಬುದು ನಮ್ಮ ಸೀಮೆಯಲ್ಲಿ ನಾಲ್ಕು ಜನರ ಮುಂದೆ ಆಡುವ ಮಾತಾಗಿರಲಿಲ್ಲ. ಹೋಗುವವರು ಮುಖಕ್ಕೆ ಟವೆಲ್ ಸುತ್ತಿಕೊಂಡು ಹೋಗುತ್ತಿದ್ದರು. ಬರುವಾಗ ಅಕ್ಕಿ ಗಿರಣಿಯ ಕಡೆಯಿಂದ ಬಂದವರ ಹಾಗೆ ಸುತ್ತು ಹಾಕಿ ಬರುತ್ತಿದ್ದರು. ಊರ ಹೆಂಗಸರಂತೂ ಆ ಟಾಕೀಸಿನ ಹೆಸರನ್ನೂ ಎತ್ತುತ್ತಿರಲಿಲ್ಲ.

ಅಂಥ ಒಂದು ಪಿಚ್ಚರಿನ ಪೋಸ್ಟರನ್ನು ಯಾರೋ ನಮ್ಮೂರ ಹೋಟೆಲಿನ ಗೋಡೆಗೆ ಅಂಟಿಸಿ ಹೋದರು. ಭುಜದ ತನಕ ಕೂದಲು ಬಿಟ್ಟ, ಮೈಮೇಲೆ ಅಂಗಿಯಿಲ್ಲದ ಒಬ್ಬ ಬಿಳಿಯ ಕಣ್ಣು ಮುಚ್ಚಿ ಬಾಯಿ ತೆರೆದು ನಿಂತಿದ್ದ. ಚಹಾ ಕುಡಿಯುತ್ತಿದ್ದವರು ಯಂಕೋಬನನ್ನು ಕರೆಸಿ ಓದಿಸಿದರು. ಯಂಕೋಬ ಚಹಾ ಆರುವ ತನಕ ಓದಿ, “ಇದು ಒಬ್ಬ ಮಹಾ ಗಾಯಕನ ಜೀವನ ಚರಿತ್ರಿ ಐತಿ” ಎಂದ.

ಅವನು ಇಡೀ ಆಯುಷ್ಯದಲ್ಲಿ ಇಂಗ್ಲಿಷನ್ನು ಸರಿಯಾಗಿ ಓದಿದ್ದು ಅದೊಂದೇ ಸಲ. ಕೆಟ್ಟದ್ದೂ ಅದರಿಂದಲೇ.

ಯಾಕೆಂದರೆ ಹಾಡುವವರ ಜೀವನ ಚರಿತ್ರೆ ಹೇಗಿರುತ್ತದೆ ಎಂಬುದು ಯಂಕೋಬನಿಗೆ ಚೆನ್ನಾಗಿ ಗೊತ್ತಿತ್ತು. ಅವನು ನೋಡಿದ ಪಿಚ್ಚರುಗಳಲ್ಲಿ ಹಾಡುವವರೆಲ್ಲ ದಾಸರು, ಸಂತರು, ಶರಣರು. ಊರು ನಗುತ್ತದೆ, ಹೆಂಡತಿ ಬೈಯುತ್ತಾಳೆ, ಅವರು ಹಾಡುತ್ತಲೇ ಇರುತ್ತಾರೆ, ಕೊನೆಗೆ ದೇವರು ಪ್ರತ್ಯಕ್ಷನಾಗುತ್ತಾನೆ. ಅಂಥ ಪಿಚ್ಚರಿಗೆ ನಮ್ಮ ಜನ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದರು, ಊದಿನಕಡ್ಡಿ ಹಚ್ಚಿ ಪರದೆಯ ಮುಂದೆ ಕಾಯಿ ಒಡೆಯುತ್ತಿದ್ದರು. ಪೋಸ್ಟರಿನ ಮನುಷ್ಯನ ಉದ್ದ ಕೂದಲು, ಬರಿ ಮೈ, ಮುಚ್ಚಿದ ಕಣ್ಣು ಎಲ್ಲವೂ ವೈರಾಗ್ಯದ ಗುರುತುಗಳೇ. ಬಿಳಿಯರಲ್ಲೂ ಒಬ್ಬ ದಾಸ ಹುಟ್ಟಿದ್ದಾನೆ, ಅವನನ್ನು ಈ ಟಾಕೀಸಿನವರು ಪೋಲಿಗಳ ಮುಂದೆ ಓಡಿಸುತ್ತಿದ್ದಾರೆ ಎಂದು ಯಂಕೋಬನಿಗೆ ಸಂಕಟವಾಯಿತು. ಭಕ್ತರ ಪೈಕಿ ಒಬ್ಬನಾದರೂ ಹೋಗಬೇಕಲ್ಲ ಎಂದು ತೀರ್ಮಾನಿಸಿದ.

ಇದನ್ನು ಹೆಂಡತಿ ದುರುಗವ್ವನಿಗೆ ತಿಳಿಸಿ ಹೇಳಬಹುದಿತ್ತು. ಆದರೆ ದುರುಗವ್ವನಿಗೆ ತಿಳಿಸಿ ಹೇಳಿ ಗೆದ್ದವರು ಆ ತನಕ ಯಾರೂ ಇರಲಿಲ್ಲ. ಆದ್ದರಿಂದ ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ಉಪವಾಸ ಹಿಡಿದು, ಯಂಕೋಬ ಒಂದು ಸಣ್ಣ ಸುಳ್ಳು ಹೇಳಿದ.

“ಹನುಮಸಾಗರಕ್ಕ ಹೋಗಿ ನಿನ್ನ ತಮ್ಮನ್ನ ಮಾತಾಡಿಸಿಕೊಂಡು ಬರ್ತೀನಿ.”

“ಯಾರ ತಮ್ಮ?” ಎಂದಳು ದುರುಗವ್ವ.

ಈ ತಮ್ಮನ ಹೆಸರು ಕಾಳಪ್ಪ. ಅವನು ಭಜನೆಯ ಪದ ಎತ್ತಿದರೆ ಕುಷ್ಟಗಿ ಕಡೆಯ ಜನ ಬುತ್ತಿ ಕಟ್ಟಿಕೊಂಡು ಬಂದು ಕೇಳುತ್ತಿದ್ದರು. ಸಾರಾಯಿ ಅಂಗಡಿಯಲ್ಲೂ ಅವನಿಗೆ ಅಷ್ಟೇ ಹೆಸರಿತ್ತು. ಹೆಂಡತಿ ಬೇಸತ್ತು ತವರು ಸೇರಿದ್ದಳು. ಹಿಂದಿನ ವರ್ಷ ದುರುಗವ್ವನ ಮಗಳ ಮದುವೆಗೆ ಕುಡಿದು ಬಂದು, ಬೀಗರ ಮುಂದೆ ಹಾಡಲು ನಿಂತು, ಪದ ಮರೆತು, ಹಂದರದ ಕಂಬ ತಬ್ಬಿಕೊಂಡು ಹಾಗೇ ಜಾರಿ ಮಲಗಿಬಿಟ್ಟಿದ್ದ. “ನೀ ಸತ್ರೂ ನಿನ್ನ ಮುಖ ನೋಡಾಕ ಬರಂಗಿಲ್ಲ” ಎಂದು ದುರುಗವ್ವ ಎಲ್ಲರೆದುರು ಅಂದಿದ್ದಳು. ಅಂದಿನಿಂದ ಮಾತಿಲ್ಲ. ಆದರೆ ಆ ಕಡೆಯಿಂದ ಯಾರಾದರೂ ಬಂದರೆ ಮಳೆ, ಬೆಳೆ, ಎಮ್ಮೆ ಎಲ್ಲ ವಿಚಾರಿಸಿ, ಕೊನೆಗೆ ಬೇರೆ ಕಡೆ ನೋಡುತ್ತ “ಅವ ಅದಾನ?” ಎಂದು ಕೇಳುತ್ತಿದ್ದಳು.

ಈಗಲೂ ಯಾರ ತಮ್ಮ ಎಂದವಳು ಒಳಗೆ ಹೋಗಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ತಂದು ಗಂಡನ ಕೈಯಲ್ಲಿಟ್ಟಳು. “ನಾ ಕೊಟ್ಟೆ ಅಂತ ಹೇಳಬ್ಯಾಡ್ರಿ. ರೊಟ್ಟಿ ಹೆಚ್ಚಾಗಿದ್ದು ಅಂತ ಹೇಳ್ರಿ.”

ಯಂಕೋಬ ಬುತ್ತಿ ಹಿಡಿದುಕೊಂಡು ಗಂಗಾವತಿಯ ಬಸ್ಸು ಹತ್ತಿದ. ಅಲ್ಲಿ ಇಳಿದು ಒಂದು ತೆಂಗಿನಕಾಯಿ, ಊದಿನಕಡ್ಡಿ ಕೊಂಡ. ಟಾಕೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಬಾಗಿಲು ಕಾಯುವವನು ಗಾಬರಿಯಾದ.

“ಯಜಮಾನ್ರ, ಇದು ಇಂಗ್ಲಿಷ್ ಪಿಚ್ಚರ್ ಐತ್ರಿ.”

“ಗೊತ್ತೈತಿ. ನನಗ ಇಂಗ್ಲಿಷ್ ಬರ್ತೈತಿ.”

“ಮತ್ತ ಚಪ್ಪಲಿ ಯಾಕ ಬಿಟ್ರಿ?”

“ಅದು ನಿನಗ ತಿಳಿಯಂಗಿಲ್ಲ” ಎಂದು ಯಂಕೋಬ ಒಳಗೆ ಹೋದ.

ಪರದೆಯ ಮೇಲೆ ಒಬ್ಬ ಬಡಕಲು ಹುಡುಗನಿಗೆ ಅಪ್ಪ ಬೈದ. ಹುಡುಗ ಅಟ್ಟ ಹತ್ತಿ ಒಂದು ತಂಬೂರಿಯನ್ನು ಅಡ್ಡ ಹಿಡಿದು ಬಾರಿಸಿದ. ಆ ದೇಶದಲ್ಲಿ ಅಡ್ಡವೇ ಹಿಡಿಯುತ್ತಾರೆ ಎಂದು ಯಂಕೋಬ ತಿಳಿದುಕೊಂಡ. ಹುಡುಗ ದೊಡ್ಡವನಾಗಿ, ಕೂದಲು ಬಿಟ್ಟು, ಬೆಳಕಿನ ನಡುವೆ ಬಂದು ಕಣ್ಣು ಮುಚ್ಚಿ ಬಾಯಿ ತೆರೆದ. ಯಂಕೋಬ ಎದ್ದವನೇ ಪರದೆಯ ಮುಂದೆ ಹೋಗಿ ಊದಿನಕಡ್ಡಿ ಬೆಳಗಿ, ಮೆಟ್ಟಿಲ ಅಂಚಿಗೆ ಕಾಯಿ ಒಡೆದ. ಇಡೀ ಟಾಕೀಸು ಸಿಳ್ಳೆ ಹೊಡೆಯಿತು. ಜನರಲ್ಲಿ ಇನ್ನೂ ಭಕ್ತಿ ಉಳಿದಿದೆಯಲ್ಲ ಎಂದು ಯಂಕೋಬನಿಗೆ ಹಿಗ್ಗಾಯಿತು. ಕೊಬ್ಬರಿ ಚೂರು ಮಾಡಿ ಸಾಲು ಸಾಲಿಗೂ ಹಂಚಿದ. ಬೇರೆ ಏನನ್ನೋ ನೋಡಲು ಬಂದಿದ್ದವರು, ಪ್ರಸಾದವನ್ನು ಬೇಡ ಎನ್ನಲಾಗದೆ, ಕಣ್ಣಿಗೊತ್ತಿಕೊಂಡು ತಿಂದರು. ಹಿಂದಿನ ಸಾಲಿನಲ್ಲಿ ಟವೆಲ್ ಸುತ್ತಿಕೊಂಡಿದ್ದವನೊಬ್ಬ ಮುಖ ಬಿಚ್ಚದೆ ಟವೆಲಿನ ಒಳಗಿಂದಲೇ ತಿಂದ.

ಆಮೇಲೆ ಇಬ್ಬರು ಹುಡುಗಿಯರು ಬಂದು ಗಾಯಕನ ಕೊರಳಿಗೆ ಬಿದ್ದರು. ತಪಸ್ಸು ಕೆಡಿಸಲು ಬಂದವರು ಎಂದು ಯಂಕೋಬ ಕಣ್ಣು ಮುಚ್ಚಿದ. ತೆರೆದಾಗ ತಪಸ್ಸು ಕೆಟ್ಟಿತ್ತು. ಗಾಯಕನ ಕೈಗೆ ಮೊದಲ ಬಾಟಲಿ ಬಂದಾಗ ಅದು ತೀರ್ಥವಿರಬೇಕು ಎಂದುಕೊಂಡ. ಎರಡನೆಯದು ಬಂದಾಗ ಅನುಮಾನ ಹುಟ್ಟಿತು. ಮೂರನೆಯದರ ಹೊತ್ತಿಗೆ ಗಾಯಕನ ಹೆಂಡತಿ ಕೂಸನ್ನು ಎತ್ತಿಕೊಂಡು ಮನೆ ಬಿಟ್ಟಳು. ದೊಡ್ಡ ಸಭೆಯ ಮುಂದೆ ಹಾಡಲು ನಿಂತ ಗಾಯಕ ಪದ ಮರೆತ. ಮೈಕಿನ ಕಂಬ ಹಿಡಿದುಕೊಂಡು, ಮೆಲ್ಲಗೆ, ನೆಲದ ತನಕ ಜಾರಿದ.

ಯಂಕೋಬ ಕುರ್ಚಿಯಿಂದ ಅರ್ಧ ಎದ್ದ. ಅದು ಕಾಳಪ್ಪನೇ. ಕೂದಲು ಬೇರೆ, ಬಣ್ಣ ಬೇರೆ, ಜಾರುವುದು ಮಾತ್ರ ಅದೇ ರೀತಿ. ಅಲ್ಲಿಂದ ಮುಂದೆ ಯಂಕೋಬನಿಗೆ ಇಂಗ್ಲಿಷ್ ಬೇಕಾಗಲಿಲ್ಲ. ಗಾಯಕ ಒಂದು ಲಾಡ್ಜಿನ ಕೋಣೆಯಲ್ಲಿ ಒಬ್ಬನೇ ಸತ್ತ. ಮಧ್ಯಾಹ್ನದ ತನಕ ಯಾರೂ ಬಾಗಿಲು ಬಡಿಯಲಿಲ್ಲ. ಯಂಕೋಬ ಬಾಯಿಗೆ ಪಂಚೆಯ ಸೆರಗು ತುರುಕಿಕೊಂಡು ಅತ್ತ. ಪರದೆ ಬಿಳಿಯಾಗಿ ಲೈಟು ಹತ್ತುವ ತನಕ ಕಾದ. ದೇವರು ಬರಲಿಲ್ಲ.

ಹೊರಗೆ ಬಂದರೆ ಚಪ್ಪಲಿಯೂ ಇರಲಿಲ್ಲ. ಬರಿಗಾಲಲ್ಲಿ ಬಸ್ಸು ಹತ್ತಿ ಊರ ಹತ್ತಿರದ ಕಾಲುವೆಯ ಸೇತುವೆಯಲ್ಲಿ ಇಳಿದ. ಉಪವಾಸ ಹಿಡಿದು, ಕೈಯಲ್ಲಿ ಊದಿನಕಡ್ಡಿ ಹಿಡಿದು ನೋಡಬಾರದ್ದನ್ನೆಲ್ಲ ನೋಡಿ ಬಂದಿದ್ದಾನೆ, ಹಾಗೇ ಮನೆಗೆ ಹೋಗುವುದು ಹೇಗೆ? ಬುತ್ತಿಯನ್ನು ದಂಡೆಯ ಮೇಲಿಟ್ಟು, ಉಟ್ಟ ಬಟ್ಟೆಯಲ್ಲೇ ಕಾಲುವೆಗೆ ಇಳಿದು ತಲೆ ಮುಳುಗಿಸಿ ಎದ್ದ. ನೀರಿನಲ್ಲಿ ಮತ್ತೆ ಕಾಳಪ್ಪ ನೆನಪಾಗಿ ಇನ್ನೊಂದಿಷ್ಟು ಅತ್ತು, ಮನೆಗೆ ಬಂದು, ಒಳಗೆ ಹೋಗಲು ಮನಸ್ಸಾಗದೆ ಕಟ್ಟೆಯ ಮೇಲೆ ಕೂತ.

ಎದುರು ಮನೆಯ ಶಾಂತಕ್ಕ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ನಮ್ಮೂರಲ್ಲಿ ಸಾವಿನ ವಿಷಯದಲ್ಲಿ ಶಾಂತಕ್ಕನದೇ ಕೊನೆಯ ಮಾತು. ಯಾರಿಗೆ ಸೂತಕ, ಯಾರು ಸ್ನಾನ ಮಾಡಬೇಕು, ಯಾರು ಉಣ್ಣಬಾರದು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಅವಳು ಯಂಕೋಬನನ್ನು ಕಾಲಿನಿಂದ ಮೇಲಕ್ಕೆ ನೋಡಿದಳು.

“ಯಾಕೋ ಯಂಕೋಬ, ಕಾಲಾಗ ಚಪ್ಪಲಿ ಇಲ್ಲ?”

“ಇಲ್ಲಕ್ಕ.”

“ತೆಲಿ ಯಾಕ ತೋದೈತಿ?”

“ನೀರು ಹಾಕ್ಕೊಂಡು ಬಂದೆ. ಹಂಗ ಮನಿ ಒಳಗ ಹೆಂಗ ಕಾಲಿಡ್ಲಿ ಅಕ್ಕ?”

“ಹೊಟ್ಟಿಗೆ?”

“ಗುಟುಕು ನೀರು ಸೈತ ಇಳದಿಲ್ಲ.”

ಬೆಳಿಗ್ಗೆ ಹನುಮಸಾಗರಕ್ಕೆಂದು ಹೋಗಿದ್ದ ಬುತ್ತಿ ಯಂಕೋಬನ ಮಡಿಲಲ್ಲೇ ತಿರುಗಿ ಬಂದದ್ದನ್ನು ಶಾಂತಕ್ಕ ಕಂಡಳು. ಮೊರ ನೆಲಕ್ಕೆ ಬಿತ್ತು. “ದುರುಗೀ, ಹೊರಗ ಬಾರ ಯವ್ವಾ!”

ದುರುಗವ್ವ ಬಂದಳು. ಅವಳು ನೋಡಿದ್ದು ಬುತ್ತಿಯನ್ನೊಂದೇ. ತಾನು ಹಾಕಿದ ಗಂಟು ತಾನು ಹಾಕಿದ ಹಾಗೇ ಇತ್ತು.

“ಕೊಡಲಿಲ್ಲೇನ್ರಿ?”

ಯಂಕೋಬ ತಲೆ ತಗ್ಗಿಸಿದ. ಎಲ್ಲಿಗೆ ಹೋಗಿದ್ದೆ ಎಂದು ಹೇಳಬೇಕು, ಹೇಗೆ ಶುರು ಮಾಡಬೇಕು ಎಂದು ಮಾತು ಹುಡುಕುತ್ತಿದ್ದ.

“ಕುಡದಿದ್ನಾ?” ದುರುಗವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಆ ಪ್ರಶ್ನೆಗೆ ಯಂಕೋಬನ ಕಟ್ಟೆ ಒಡೆಯಿತು. “ಕುಡದು ಕುಡದು ಹಾಳಾಗಿ ಹೋದ ದುರುಗವ್ವ! ಎಂಥಾ ಹಾಡುಗಾರ! ಸಾಯೋ ಹೊತ್ತಿನ್ಯಾಗ ಹತ್ರ ಒಂದು ನರಪಿಳ್ಳಿ ಇರಲಿಲ್ಲ!”

ದುರುಗವ್ವ ಚೀರಿದ್ದು ಕಾಲುವೆಯ ಆಚೆ ದಂಡೆಗೆ ಕೇಳಿಸಿತು. ಓಣಿಯ ಹೆಂಗಸರೆಲ್ಲ ಓಡಿ ಬಂದರು. ತಾನು ಹೇಳಿದ್ದು ಏನು, ಅವರು ತಿಳಿದದ್ದು ಏನು ಎಂದು ಯಂಕೋಬನಿಗೆ ಹೊಳೆಯುವಷ್ಟರಲ್ಲಿ ದುರುಗವ್ವ ಅವನ ಎದೆಯ ಮೇಲಿನ ಅಂಗಿ ಹಿಡಿದಿದ್ದಳು.

“ನನ್ನ ಬಿಟ್ಟು ಮಣ್ಣು ಮಾಡೇ ಬಂದ್ರೇನು? ಒಡಹುಟ್ಟಿದಾಕಿ ಬದುಕೀನೋ ಇಲ್ಲೋ?”

“ಇಲ್ಲ, ಇಲ್ಲ! ದೇವರಾಣಿ, ಮಣ್ಣು ಮಾಡಿಲ್ಲ!” ಎಂದು ಯಂಕೋಬ ಕೂಗಿದ.

ಆ ದಿನ ಅವನಾಡಿದ ಮಾತುಗಳಲ್ಲಿ ಅದರಷ್ಟು ನಿಜವಾದದ್ದು ಬೇರೆ ಇಲ್ಲ. ಅದೇ ಅವನನ್ನು ಮುಳುಗಿಸಿತು. ಮಣ್ಣು ಮಾಡಿಲ್ಲವೆಂದರೆ ಹೆಣ ಕಾಯುತ್ತಿದೆ ಎಂದು ಶಾಂತಕ್ಕ ತೀರ್ಪು ಕೊಟ್ಟಳು. ಗಳಿಗೆಯೊಳಗೆ ಅದೇ ಓಣಿಯ ನೂರಸಾಬನ ಲಾರಿಯಿಂದ ಹೊಟ್ಟಿನ ಚೀಲಗಳು ಕೆಳಗಿಳಿದವು, ಜನ ಮೇಲೆ ಹತ್ತಿದರು. ನೂರಸಾಬನ ಹೆಂಡತಿ ರಾಜಾಬೀ ಕೂಡ ಸೆರಗಿನಿಂದ ಕಣ್ಣೊರೆಸುತ್ತ ಹತ್ತಿದಳು. ನೂರಸಾಬ ಯಂಕೋಬನನ್ನು ವಿಚಿತ್ರವಾಗಿ ನೋಡಿ, “ಅಲ್ಲ ಯಂಕೋಬಣ್ಣ, ಮುಂಜಾನಿ ನೀವು...” ಎಂದು ಬಾಯಿ ತೆರೆದವನು, ಏನು ನೆನಪಾಯಿತೋ, ಹೆಂಡತಿಯ ಕಡೆ ಒಮ್ಮೆ ನೋಡಿ, ಬಾಯಿ ಮುಚ್ಚಿಕೊಂಡು ಲಾರಿ ಚಾಲೂ ಮಾಡಿದ.

ದಾರಿಯಲ್ಲಿ ನಿಜ ಹೇಳಿಬಿಡಬೇಕೆಂದು ಯಂಕೋಬ ಗಟ್ಟಿ ಮನಸ್ಸು ಮಾಡಿದ. ಕನಕಗಿರಿಯಲ್ಲಿ ಬಾಯಿ ತೆರೆದ. ಅಷ್ಟರಲ್ಲಿ ಶಾಂತಕ್ಕ ಹೂವಿನ ಹಾರ ತರಿಸಿ ಅವನ ಕೈಗೇ ಕೊಟ್ಟಳು. ತಾವರಗೇರಾದಲ್ಲಿ ಮತ್ತೆ ಬಾಯಿ ತೆರೆದ. ದುರುಗವ್ವ ಅವನ ಭುಜಕ್ಕೆ ಒರಗಿ, “ಸತ್ರೂ ಬರಂಗಿಲ್ಲ ಅಂದಿದ್ದೆನ್ರಿ. ನನ್ನ ನಾಲಿಗಿ ಸುಡಲಿ. ಬಾ ಅಂತ ಒಂದು ಮಾತು ಕಳಿಸಿದ್ರ ಬರ್ತಿದ್ದ. ಕಳಿಸಲಿಲ್ಲ ನಾನು” ಎಂದಳು. ಇಂಥವಳಿಗೆ, ಇಲ್ಲ ಮಾರಾಯ್ತಿ, ನಾನು ಬೆಳಗಿನ ಆಟಕ್ಕೆ ಹೋಗಿದ್ದೆ ಎಂದು ಹೇಳುವ ಗಂಡಸು ಕೊಪ್ಪಳ, ರಾಯಚೂರು ಎರಡೂ ಸೀಮೆಯಲ್ಲಿ ಇರಲಿಕ್ಕಿಲ್ಲ. ಕುಷ್ಟಗಿಯಲ್ಲಿ ಹೊದಿಸಲು ಹೊಸ ಬಟ್ಟೆ ಕೊಂಡರು. ಆ ಹೊತ್ತಿಗೆ ಯಂಕೋಬನಿಗೆ ಒಂದು ಘೋರ ವಿಚಾರ ಬಂತು: ಕಾಳಪ್ಪ ಇಷ್ಟು ಕುಡಿಯುತ್ತಾನಲ್ಲ, ಅಕಸ್ಮಾತ್ತಾಗಿ ನಿಜವಾಗಿಯೂ ಹೋಗಿದ್ದರೆ ಎಲ್ಲ ಸರಿಹೋಗುತ್ತದೆ. ಬಂದ ಕೂಡಲೇ ಹೆದರಿ ಎರಡೂ ಕೆನ್ನೆಗೆ ಪಟಪಟ ಬಡಿದುಕೊಂಡ. “ಭಾವಗ ಎಷ್ಟು ಸಂಕಟ ನೋಡ್ರಿ” ಎಂದು ಹೆಂಗಸರು ಇನ್ನೂ ಜೋರಾಗಿ ಅತ್ತರು.

ಹನುಮಸಾಗರ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಕಾಳಪ್ಪನ ಪಕ್ಕದ ಮನೆಯ ಮುದುಕಿ ಹೊಳಿಯಮ್ಮ ಬಾಗಿಲಲ್ಲಿ ಕೂತಿದ್ದಳು. ಹಾರ, ಹೊಸ ಬಟ್ಟೆ, ಅಳುವ ಹೆಂಗಸರು ತುಂಬಿದ ಲಾರಿ ಬಂದು ನಿಂತದ್ದನ್ನು ನೋಡಿ ಏನೆಂದು ಕೇಳಿದಳು. ಕಾಳಪ್ಪ ಹೋದ ಎಂದು ಶಾಂತಕ್ಕ ಹೇಳಿದಳು. ಹೊಳಿಯಮ್ಮ ಎದೆ ಬಡಿದುಕೊಂಡು, “ಅಯ್ಯೋ ನನ್ನಪ್ಪಾ! ಈಗಿನ್ನ ನನ್ನ ಹಂತ್ಯಾಕ ತಂಬಾಕು ಇಸಗೊಂಡು ಹೋದ! ನನಗೊಂದು ಮಾತು ಹೇಳದ ಹೋಗಿಬಿಟ್ಟನಲ್ಲೋ!” ಎಂದು ಮುಂದಾಗಿ ಅಳುತ್ತ ಓಡಿದಳು. ನವಲಿಯಿಂದ ಲಾರಿ ಮಾಡಿಕೊಂಡು ಬಂದ ಸುದ್ದಿಯ ಮುಂದೆ ಅವಳ ಸ್ವಂತ ಕಣ್ಣಿಗೆ ಬೆಲೆ ಉಳಿಯಲಿಲ್ಲ.

ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕಾಳಪ್ಪ ಮುಖದ ತನಕ ಧೋತರ ಎಳೆದುಕೊಂಡು ಅಂಗಾತ ಮಲಗಿದ್ದ. ಶಾಂತಕ್ಕ ಯಂಕೋಬನ ಕೈಯಿಂದ ಹಾರ ತೆಗೆದು ಕಾಳಪ್ಪನ ಮೈಮೇಲೆ ಹಾಕಿದಳು. ದುರುಗವ್ವ ಹೊರಸಿನ ಕಾಲಿಗೆ ಬಿದ್ದಳು. ನಮ್ಮ ಕಡೆ ಹೆಂಗಸರು ಬರೀ ಅಳುವುದಿಲ್ಲ, ಹಾಡಿ ಅಳುತ್ತಾರೆ. ದುರುಗವ್ವನೂ ಹಾಡುವವರ ಮನೆಯವಳೇ.

“ಊರೆಲ್ಲ ಕೇಳಂಗ ಹಾಡಿದ್ಯೋ ನನ ತಮ್ಮಾ,
ಅಕ್ಕ ಕರದರ ಕೇಳದಂಗ ಮಲಗಿದ್ಯೋ.
ಸಾರಾಯಿ ಅಂಗಡ್ಯಾಗ ಸಂಸಾರ ಹೂಡಿದ್ಯೋ ನನ ತಮ್ಮಾ,
ಸಿಟ್ಟೀಲಿ ಅಂದದ್ದ ಖರೇ ಅಂತ ಹಿಡದ್ಯೋ...”

ಧೋತರದ ಒಳಗಿಂದ ದನಿ ಬಂತು. “ಅಕ್ಕಾ, ಭಾಳ ಎತ್ತರಕ್ಕ ಹಿಡದಿ. ಕಡೀತನಕ ಎಳಿಯಾಕ ಆಗಂಗಿಲ್ಲ. ಒಂದೀಟು ಇಳಿಸು.”

ದುಃಖದ ಭರದಲ್ಲಿದ್ದ ದುರುಗವ್ವ ದನಿ ಇಳಿಸಿ ಇನ್ನೊಂದು ಸಾಲು ಹಾಡಿಯೂ ಬಿಟ್ಟಳು. ಆಮೇಲೆ ನಿಂತಳು.

ಮುಂದಿನದನ್ನು ಕ್ರಮವಾಗಿ ಹೇಳುವುದು ಕಷ್ಟ. ಹೊಳಿಯಮ್ಮ ದೆವ್ವ ಎಂದು ಓಡಿ ಲಾರಿಯ ಕೆಳಗೆ ಹೊಕ್ಕಳು. ಕಾಳಪ್ಪ ಎದ್ದು ಕೂತು, ಮೈಮೇಲಿನ ಹಾರ ನೋಡಿ, ತನಗೆ ಎಲ್ಲಿ ಸನ್ಮಾನ ನಡೆಯುತ್ತಿದೆ ಎಂದು ಕೇಳಿದ. ದುರುಗವ್ವ ಅವನನ್ನು ತಬ್ಬಿಕೊಂಡಳು, ಆಮೇಲೆ ಅದೇ ಹಾರದಿಂದ ಬಾರಿಸಿದಳು, ಆಮೇಲೆ ಮತ್ತೆ ತಬ್ಬಿಕೊಂಡಳು. ಇದೆಲ್ಲ ಮುಗಿದ ಮೇಲೆ ನವಲಿ, ಹನುಮಸಾಗರ ಎರಡೂ ಊರಿನ ಜನ ಒಟ್ಟಿಗೇ ಯಂಕೋಬನ ಕಡೆ ತಿರುಗಿದರು.

ಆಗ ಲಾರಿಯ ಕೆಳಗಿಂದ ಹೊರಬಂದ ಹೊಳಿಯಮ್ಮ ಅವನನ್ನು ಕಾಪಾಡಿದಳು. “ತಡೀರಿ, ತಡೀರಿ. ಕಾಳಪ್ಪಗ ಕಾಗಿ ಮುಟ್ಟಿತ್ತೇನು?”

ಕಾಗೆ ತಲೆಗೆ ಬಡಿದರೆ ಸಾವು ಹತ್ತಿರ ಬಂತು ಎನ್ನುತ್ತಾರೆ. ಆಗ ನೆಂಟರಿಗೆ ಅವನು ಸತ್ತನೆಂದು ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ನಿಜವಾಗಿ ಅತ್ತುಬಿಟ್ಟರೆ ಕಂಟಕ ಕಳೆಯಿತು. ಇದನ್ನು ನಂಬದವರು ಕೂಡ ಕಾಗೆ ಬಡಿದ ದಿನ ಒಂದು ಸುದ್ದಿ ಕಳಿಸಿಯೇ ಇರುತ್ತಾರೆ.

“ಹೌದು! ಕಾಗಿ!” ಎಂದ ಯಂಕೋಬ. ಇಷ್ಟಕ್ಕೆ ನಿಲ್ಲಿಸಿದ್ದರೆ ಅವನು ಯಂಕೋಬನೇ ಅಲ್ಲ. “ಮುಂಜಾನಿ ನಾ ಬಂದಾಗ ಬಾವಿ ಹತ್ರ ಮುಖ ತೊಳಕೊಳ್ಳಾಕ ಹತ್ತಿದ್ದ. ನನ್ನ ಕಣ್ಣಾರೆ ನೋಡೀನಿ. ಎಂಥಾ ಕಾಗಿ ಅಂತೀರಿ! ಹಿಂಗ ಬಂದು ಬಡೀತು, ತಿರುಗಿ ಬಂದು ಇನ್ನೊಮ್ಮೆ ಬಡೀತು. ಕಾಳಪ್ಪಗ ಸೈತ ಹೇಳದ ಓಡಿ ಬಂದೆ.”

ಜನ ಮೆಚ್ಚಿ ತಲೆದೂಗಿದರು. “ಭಾವ ಅಂದ್ರ ಹಿಂಗಿರಬೇಕು, ಹೆಣ್ತಿಗೆ ಸೈತ ಬಾಯಿ ಬಿಡಲಿಲ್ಲ” ಎಂದಳು ಶಾಂತಕ್ಕ. ಒಂದಿಬ್ಬರು ಹೆಂಗಸರು ಯಂಕೋಬನ ಕಾಲು ಮುಟ್ಟಿದರು. ಯಂಕೋಬ ಅವರನ್ನು ಆಶೀರ್ವದಿಸಿದ.

“ಭಾವಾ,” ಎಂದ ಕಾಳಪ್ಪ, “ಮುಂಜಾನಿ ನಾ ಎದ್ದ ಇಲ್ಲ. ಹೊತ್ತು ನೆತ್ತಿಗೆ ಬರೋತನಕ ಒಳಗ ಬಿದ್ದಿದ್ದೆ. ಇನ್ನ ಮುಖ ಹೆಂಗ ತೊಳಕೊಳ್ಳಲಿ?”

“ಖರೇ,” ಎಂದಳು ಹೊಳಿಯಮ್ಮ. “ನಾನ ಎಬ್ಬಿಸೀನಿ. ಮತ್ತ ನೀ ಎಲ್ಲಿದ್ಯೋ ಯಪ್ಪಾ? ಇಡೀ ದಿನ ಬಾಗಲಾಗ ಕುಂತೀನಿ, ನಿನ್ನ ಕಂಡೇ ಇಲ್ಲ.”

ದುರುಗವ್ವ ಮೆಲ್ಲಗೆ ಎದ್ದು ನಿಂತಳು. “ನೀವು ಇಲ್ಲಿಗೆ ಬಂದೇ ಇಲ್ಲ. ಎಲ್ಲಿಗೆ ಹೋಗಿದ್ರಿ?”

“ಗಂಗಾವತಿಗೆ.”

“ಗಂಗಾವತ್ಯಾಗ ಎಲ್ಲಿಗೆ?”

ಯಂಕೋಬ ಬೇವಿನ ಗಿಡದ ತುದಿ ನೋಡಿದ. ಅಲ್ಲೊಂದು ಕಾಗೆಯೂ ಇರಲಿಲ್ಲ. “ಬೆಳಗಿನ ಆಟಕ್ಕ” ಎಂದ.

ಸುಳ್ಳು ಸಾವಿಗೆ ಅಷ್ಟೇನೂ ಸಿಟ್ಟಾಗದಿದ್ದ ಜನಕ್ಕೆ ಇದನ್ನು ತಡೆಯಲಾಗಲಿಲ್ಲ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಕಾಲು ಮುಟ್ಟಿದ್ದವರು ಕೈ ಝಾಡಿಸಿಕೊಂಡರು. ಹಾಡುಗಾರನೊಬ್ಬನ ಭಕ್ತಿ ಪಿಚ್ಚರ್ ಎಂದು ತಿಳಿದು ಹೋದೆ, ಕಾಯಿ ಒಡೆದೆ ಎಂದು ಯಂಕೋಬ ಗೋಗರೆದ. “ಮಗಳ ಮದಿವಿ ಮಾಡಿದ ಮನಿಷ್ಯಾ! ಅಂಥಾ ಪಿಚ್ಚರಿಗೆ ಹೋಗೋದಲ್ದ, ಮ್ಯಾಲ ಕಾಯಿ ಒಡದೆ ಅಂತಾನ!” ಎಂದು ಶಾಂತಕ್ಕ ಉಗಿದಳು.

ಆಗ ಲಾರಿಯ ಹತ್ತಿರ ನಿಂತಿದ್ದ ನೂರಸಾಬನಿಗೆ ಕರುಳು ಚುರುಕ್ ಎಂದಿತು. “ಶಾಂತಕ್ಕ, ಪಾಪದ ಮನಿಷ್ಯಾಗ ಸುಮ್ನ ಅನ್ನಬ್ಯಾಡ್ರಿ. ಕಾಯಿ ಒಡದದ್ದು ಖರೇ, ನಾನೂ ಒಂದು ಚೂರು ತಿಂದೀನಿ. ಅದರಾಗ ನೀವು ತಿಳದಂಥಾದ್ದು ಏನೂ ಇರಲಿಲ್ಲ. ಅಲ್ಲಾನ ಆಣಿ ಮಾಡಿ ಹೇಳ್ತೀನಿ, ಮೊದಲಿಂದ ಕಡೀತನಕ ಕಣ್ಣು ಮಿಟುಕಿಸದ ನೋಡೀನಿ, ಏನಂದ್ರ ಏನೂ ಇಲ್ಲ!”

ಎಲ್ಲರೂ ಅವನ ಕಡೆ ತಿರುಗಿದರು. ರಾಜಾಬೀ ಎಲ್ಲರಿಗಿಂತ ನಿಧಾನವಾಗಿ ತಿರುಗಿದಳು. “ಮುಂಜಾನಿ ಕಾರಟಗಿಗೆ ನೆಲ್ಲು ಹಾಕಾಕ ಹೋಗಿದ್ದೆ ಅಂದ್ರಿ?”

ಲಾರಿಯ ಇಂಜಿನ್ನಿಗೆ ನೀರು ಹಾಕುವುದಿದೆ ಎಂಬುದು ನೂರಸಾಬನಿಗೆ ಆಗ ನೆನಪಾಯಿತು. ಕೊಡ ಹಿಡಿದುಕೊಂಡು ಬಾವಿಯ ಕಡೆ ಹೋದವನು ಬಹಳ ಹೊತ್ತು ಬರಲಿಲ್ಲ.

ಜನ ನಗಲು ಶುರು ಮಾಡಿದ್ದರಿಂದ ಯಂಕೋಬ ಬದುಕಿಕೊಂಡ. ನಗದವನು ಕಾಳಪ್ಪ ಒಬ್ಬನೇ. ಅವನು ಹೊರಸಿನ ಮೇಲೆ ಜಾಗ ಮಾಡಿ ಯಂಕೋಬನನ್ನು ಕೂಡಿಸಿಕೊಂಡ.

“ಹಾಡೋ ಮನಿಷ್ಯಾನ ಕತಿ ಅಂದಿ. ಹೆಂಗ ಹಾಡ್ತಿದ್ದ ಭಾವ? ಪದ ಏನಂತ ಇದ್ದುವು?”

ಯಂಕೋಬ ಸುತ್ತ ನೋಡಿದ. ಗೋದಾಮಿನಲ್ಲಿ ಅವನ ಮುಂದೆ ಚೀಲ ಹಿಡಿದು ನಿಂತವರೆಲ್ಲ ಅಲ್ಲೇ ಇದ್ದರು. “ನನಗ ತಿಳೀಲಿಲ್ಲ ಕಾಳಪ್ಪ. ನನಗ ಇಂಗ್ಲಿಷ್ ಬರಂಗಿಲ್ಲ” ಎಂದ.

“ಮತ್ತ ಗೊಬ್ಬರದ ಚೀಲ?” ಎಂದು ಹಿಂದಿನಿಂದ ಯಾರೋ ನೊಂದ ದನಿಯಲ್ಲಿ ಕೇಳಿದರು.

“ಪದ ತಿಳೀದಿದ್ರ ಮತ್ಯಾಕ ಅತ್ತಿ?” ಎಂದ ಕಾಳಪ್ಪ.

“ಅವಗೂ ಪದ ಮರತುಹೋತು. ಕಂಬ ಹಿಡಕೊಂಡು ಕೆಳಗ ಜಾರಿದ. ನಮ್ಮ ಹಂದರದಾಗ ನೀ ಜಾರಿದ್ಯಲ್ಲ, ಹಂಗ. ಅವ ಸತ್ತಾಗ ನೀನ ಸತ್ತಂಗಾತು ನನಗ. ಕಾಗಿ ಸುಳ್ಳು, ಹನುಮಸಾಗರಕ್ಕ ಬಂದದ್ದು ಸುಳ್ಳು. ಅತ್ತದ್ದು ನಿನಗ ಅಂತ ಅತ್ತೀನಿ ಕಾಳಪ್ಪ, ಅದು ಸುಳ್ಳಲ್ಲ.”

ಕಾಳಪ್ಪ ಕಾಲಿನ ಹತ್ತಿರ ಬಿದ್ದಿದ್ದ ಹೊಸ ಬಟ್ಟೆಯನ್ನು ಎತ್ತಿ ನೋಡಿದ.

“ಅವ ಸತ್ತಾಗ ಯಾರ್ಯಾರು ಬಂದಿದ್ರು?”

“ಯಾರೂ ಬರಲಿಲ್ಲ.”

“ನನಗ ಲಾರಿ ತುಂಬ ಬಂದಾರ” ಎಂದು ಕಾಳಪ್ಪ ನಕ್ಕ. ಆ ನಗು ಅರ್ಧದಲ್ಲೇ ಅಳುವಾಯಿತು. ಅವನ ಅಕ್ಕ ಬುತ್ತಿಯ ಗಂಟು ಬಿಚ್ಚಿ, ರೊಟ್ಟಿ ಮುರಿದು, ಅಳುತ್ತಿರುವವನ ಬಾಯಿಗೇ ಇಟ್ಟಳು.

ಮರುದಿನ ಬೆಳಿಗ್ಗೆ ದುರುಗವ್ವ ತಮ್ಮನಿಗೆ ಲಾರಿ ಹತ್ತು ಎಂದಳು. ಎಲ್ಲಿಗೆ ಎಂದು ಕೇಳುವ ಧೈರ್ಯ ಅವನಿಗೂ ಇರಲಿಲ್ಲ. ಬರುವಾಗ ಅಳುತ್ತ ಬಂದವರು ಈಗ ಸತ್ತವನನ್ನೇ ನಡುವೆ ಕೂಡಿಸಿಕೊಂಡು ಮಂಡಕ್ಕಿ ತಿನ್ನುತ್ತ ಹೊರಟರು. ಮುಂದೆ ಡ್ರೈವರ್ ಪಕ್ಕದಲ್ಲಿ ರಾಜಾಬೀ ಕೂತಿದ್ದಳು. ನೂರಸಾಬ ರಸ್ತೆ ಬಿಟ್ಟು ಬೇರೆ ಏನನ್ನೂ ನೋಡುತ್ತಿರಲಿಲ್ಲ.

ಕುಷ್ಟಗಿಯಲ್ಲಿ ಸಾರಾಯಿ ಅಂಗಡಿ ಕಂಡದ್ದೇ ಕಾಳಪ್ಪ ಲಾರಿಯ ತಲೆಗೆ ಬಡಿದ. ಲಾರಿ ನಿಂತಿತು. ಬೆಳಗಿನಿಂದ ಅವನು ಬೆವರುತ್ತಿದ್ದ, ಬೆರಳುಗಳು ಒಂದೇ ಸಮ ಅದುರುತ್ತಿದ್ದವು.

“ಅಕ್ಕಾ, ಒಂದ ಒಂದು. ಕೈ ನೋಡು, ತಡೀವಲ್ವು.”

ಇಡೀ ಲಾರಿ ದುರುಗವ್ವನ ಮುಖ ನೋಡಿತು. ದುರುಗವ್ವ ಬೈಯಲಿಲ್ಲ. ಅದುರುವ ಎರಡೂ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು ಒತ್ತಿ ಹಿಡಿದಳು.

“ನಿನ್ನಿ ನಿನಗ ಅತ್ತು ಮುಗಿಸೀನಿ ತಮ್ಮಾ. ಇನ್ನೊಮ್ಮಿ ಅಳಾಕ ನನ್ನ ಕಡೆ ಕಣ್ಣೀರಿಲ್ಲ. ಹಾಡು.”

ಕಾಳಪ್ಪ ಅಂಗಡಿಯ ಕಡೆ ನೋಡಿದ. ಅಕ್ಕನ ಕಡೆ ನೋಡಿದ. ಆಮೇಲೆ ಕಣ್ಣು ಮುಚ್ಚಿ ಹಾಡಲು ಶುರು ಮಾಡಿದ. ದನಿ ಒಡೆದಿತ್ತು, ಎತ್ತರಕ್ಕೆ ಹೋದಲ್ಲೆಲ್ಲ ಕೈಕೊಡುತ್ತಿತ್ತು. ನೂರಸಾಬ ಗೇರು ಬದಲಿಸಿ ಮೆಲ್ಲಗೆ ಲಾರಿ ಬಿಟ್ಟ. ನಡುವೆ ಒಂದು ಕಡೆ ಕಾಳಪ್ಪನಿಗೆ ಪದ ಮರೆಯಿತು. ಅವನು ನಿಂತ. ದುರುಗವ್ವ ಕೈ ಬಿಡದೆ ಮುಂದಿನ ಸಾಲು ಹೇಳಿಕೊಟ್ಟಳು.